ರಾಜೀನಾಮೆಗೆ ಸಹಿ ಕೇಳುತ್ತಿದ್ದಾರೆ, ಹಾಕಲೇ?

ಪ್ರಶ್ನೆ: ನನಗೆ 41 ವರ್ಷ. ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ 16 ವರ್ಷದಿಂದ ವೆಲ್ಡರ್, ಪರ್ಮನೆಂಟ್. ನಮ್ಮದು ಸೈಲೆನ್ಸರ್ ಲೈನ್. ಆರ್ಡರ್ ಇಲ್ಲವೆಂದು ಒಂದು ಶಿಫ್ಟ್ ನಿಲ್ಲಿಸಿದ್ದಾರೆ. ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದು, ಟೈಪ್ ಮಾಡಿಟ್ಟ ರಾಜೀನಾಮೆಗೆ ಸಹಿ ಕೇಳುತ್ತಿದ್ದಾರೆ. ಹೆಂಡತಿಗೆ ಹೇಳಿಲ್ಲ. ಮಗಳು ಎಸ್ಸೆಸ್ಸೆಲ್ಸಿ. ರಾತ್ರಿ ನಿದ್ದೆಯಿಲ್ಲ ಮೇಡಂ.
— ಹೆಸರು ಬೇಡ

ಉತ್ತರ: ನಿದ್ದೆಯ ವಿಷಯ ಆಮೇಲೆ, ಮೊದಲು ಸಹಿಯದು. ಆ ಕಾಗದದಲ್ಲಿ ‘ಸ್ವಂತ ಇಚ್ಛೆಯಿಂದ’ ಎಂಬ ಮಾತು ಇದೆಯೇ ನೋಡಿ. ಅದಕ್ಕೆ ಸಹಿ ಬಿದ್ದರೆ ಕಂಪನಿ ನಿಮ್ಮನ್ನು ತೆಗೆದಂತಲ್ಲ, ನೀವೇ ಬಿಟ್ಟಂತೆ. ಅವರೇ ತೆಗೆಯುವುದಾದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. 1953ರಿಂದ ಇರುವ ಈ ನಿಯಮವನ್ನು ಹೊಸ ಕಾರ್ಮಿಕ ಸಂಹಿತೆಯೂ ಕೈಬಿಟ್ಟಿಲ್ಲ. ನಿಮ್ಮ ಲೆಕ್ಕಕ್ಕೆ ಅದು 240 ದಿನ, ಅಂದರೆ ಎಂಟು ತಿಂಗಳ ವೇತನ. ಗ್ರಾಚ್ಯುಟಿ ಬೇರೆ: ಬೇಸಿಕ್, ಡಿಎ ಸೇರಿ 26 ಸಾವಿರವಿದ್ದರೆ ವರ್ಷಕ್ಕೆ 15 ಸಾವಿರದಂತೆ 2.40 ಲಕ್ಷ. ರಾಜೀನಾಮೆ ಕೊಟ್ಟರೂ ಅದು ಬರುತ್ತದೆ. ಅದನ್ನೇ ‘ಪ್ಯಾಕೇಜ್’ ಎಂದು ತೋರಿಸಿದರೆ ಮರುಳಾಗಬೇಡಿ. ಇವೆರಡನ್ನೂ ಮೀರಿದ ಮೊತ್ತ ಬರವಣಿಗೆಯಲ್ಲಿ ಬಂದರೆ ಮಾತ್ರ ಯೋಚಿಸಬಹುದು.

ಹಾಗಂತ ಕ್ಯಾಬಿನ್ನಿನಲ್ಲಿ ಕೂಗಾಡುವುದು ಬೇಡ. ‘ಒಂದು ಕಾಪಿ ಕೊಡಿ ಸಾರ್, ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಬನ್ನಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳನ್ನು ಹಿಡಿದು ಯೂನಿಯನ್ನಿನವರನ್ನೋ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನೋ ಕಾಣಿ.

ಮನೆಯಲ್ಲಿ ಕೇಳಬೇಕಾದರೆ ಮೊದಲು ಮನೆಯಲ್ಲಿ ಹೇಳಿರಬೇಕಲ್ಲ! ಓಟಿ ನಿಂತದ್ದು, ಶಿಫ್ಟ್ ಬದಲಾದದ್ದು ಸಂಸಾರ ತೂಗಿಸುವವರ ಕಣ್ಣು ತಪ್ಪುವುದಿಲ್ಲ. ಆಕೆ ನಿಮ್ಮ ಬಾಯಿಂದ ಬರಲೆಂದು ಕಾಯುತ್ತಿರಲೂಬಹುದು. ಇಎಂಐ, ಫೀಸು, ರೇಷನ್ನು ಎಲ್ಲವನ್ನೂ ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಬರೆಯಿರಿ. ಮಗಳಿಗೆ ಈಗಲೇ ಲೆಕ್ಕ ಒಪ್ಪಿಸಬೇಕಿಲ್ಲ, ಆದರೆ ಕೇಳಿದರೆ ಸುಳ್ಳು ಬೇಡ.

ಬ್ಯಾಟರಿ ಕಾರಿಗೆ ಸೈಲೆನ್ಸರ್ ಬೇಡ, ನಿಜ. ಆದರೆ ಸೀಟಿನ ಫ್ರೇಮಿಗೂ ಕಾರಿನ ಬಾಡಿಗೂ ವೆಲ್ಡಿಂಗ್ ಬೇಕೇ ಬೇಕು. ಹಾರೋಹಳ್ಳಿ, ಪೀಣ್ಯದಲ್ಲಿ ಪರಿಚಯದವರಿದ್ದರೆ ಕೆಲಸ ಕೈಯಲ್ಲಿರುವಾಗಲೇ ವಿಚಾರಿಸಿಡಿ.

ಇನ್ನು ನಿದ್ದೆ. ಮನೆಯಲ್ಲಿ ಹೇಳಿಕೊಂಡ ಮೇಲೂ ಬಾರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರದ್ದೂ ಮೂರು ಪಾಳಿ, ನಡುರಾತ್ರಿ ಎಂದು ಹಿಂಜರಿಯಬೇಡಿ.