ಆಟದ ಭೂರಚನೆಯಲ್ಲಿ ಎತ್ತರದ ಪ್ರಮಾಣ: ದೋಷ ಮತ್ತು ಪರಿಹಾರ

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದು ಛಂದಶ್ಶಾಸ್ತ್ರದ ಮೊದಲ ಪಾಠ. ಈ ನಿಯಮವನ್ನು ಅರಿಯದವನ ಕಣ್ಣಿಗೆ ಪ್ರಸ್ತಾರದ ಗುರುತುಗಳು ಬರಿಯ ಗೆರೆಗಳಾಗಿಯೇ ಉಳಿಯುತ್ತವೆ. ಗುರುತು ಬೇರೆ, ಅದು ಸೂಚಿಸುವ ಪ್ರಮಾಣ ಬೇರೆ. ಇಂದಿನ ವಿದ್ಯಾರ್ಥಿಗಳು ಗಣಕಯಂತ್ರದ ಆಟಗಳಿಗಾಗಿ ಬೆಟ್ಟ ಕಣಿವೆಗಳನ್ನು ತಾವೇ ರಚಿಸಲು ತೊಡಗಿದಾಗ ಎದುರಾಗುವ ತೊಡಕಿನ ಮೂಲವೂ ಈ ಭೇದವನ್ನು ಮರೆಯುವುದರಲ್ಲಿಯೇ ಇದೆ.

ಇಂತಹ ರಚನೆಗೆ ಆಧಾರವಾದುದು ಎತ್ತರದ ಚಿತ್ರ. ಇದು ಕಪ್ಪುಬಿಳುಪಿನ ಒಂದು ಚಿತ್ರವಷ್ಟೆ. ಅತಿ ತಗ್ಗಾದ ನೆಲ ಕಪ್ಪು, ಅತಿ ಎತ್ತರವಾದುದು ಬಿಳುಪು, ನಡುವಣ ಎತ್ತರಗಳೆಲ್ಲ ಬೂದುಬಣ್ಣದ ತರತಮಗಳು. ನಿಜವಾದ ನೆಲದ ಎತ್ತರಗಳನ್ನು ಪಡೆಯಲು ಬಹುಮಂದಿ ಅವಲಂಬಿಸುವುದು 2000ನೆಯ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಂತರಿಕ್ಷ ನೌಕೆಯು ಹನ್ನೊಂದು ದಿನಗಳ ಕಾಲ ರೇಡಾರಿನಿಂದ ನಡೆಸಿದ ಅಳತೆಯನ್ನು. ಅದರಲ್ಲಿ ಸುಮಾರು ಮೂವತ್ತು ಮೀಟರಿಗೊಂದರಂತೆ ನೆಲದ ಎತ್ತರವು ಪೂರ್ಣ ಮೀಟರುಗಳಲ್ಲಿ ದಾಖಲಾಗಿದೆ.

ಈ ಅಂಕಿಗಳನ್ನು ಚಿತ್ರವಾಗಿ ಮಾರ್ಪಡಿಸುವಾಗಲೇ ದೋಷವು ಪ್ರವೇಶಿಸುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರು. ಅದರ ಸುತ್ತಣ ಪ್ರದೇಶವನ್ನು ಆರಿಸಿಕೊಂಡು, ಅಲ್ಲಿಯ ಅತಿ ತಗ್ಗಿನ ಸ್ಥಳ 700 ಮೀಟರು ಎಂದು ಭಾವಿಸಿದರೆ, ಕಪ್ಪಿನಿಂದ ಬಿಳುಪಿನವರೆಗಿನ ಅಂತರ 1230 ಮೀಟರಾಗುತ್ತದೆ. ಬಯಲುಸೀಮೆಯ ಒಂದು ಸಮತಟ್ಟಾದ ಪ್ರದೇಶದಲ್ಲಿ ತಗ್ಗು 600, ದಿಬ್ಬ 640 ಎಂದು ಭಾವಿಸಿದರೆ ಅಂತರ ಕೇವಲ 40 ಮೀಟರು. ಆದರೆ ಚಿತ್ರ ರಚಿಸುವ ಅನೇಕ ಸಾಧನಗಳು ಎರಡನ್ನೂ ಕಪ್ಪಿನಿಂದ ಬಿಳುಪಿನವರೆಗೆ ಪೂರ್ಣವಾಗಿ ಎಳೆದುಬಿಡುತ್ತವೆ. ಆಗ ಮಲೆನಾಡಿಗೂ ಬಯಲಿಗೂ ಭೇದವೇ ಉಳಿಯುವುದಿಲ್ಲ. ಚಿತ್ರದಲ್ಲಿರುವುದು ಎತ್ತರವಲ್ಲ, ಎತ್ತರಗಳ ಅನುಪಾತ ಮಾತ್ರ. ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳದವನು ಚಿತ್ರದಿಂದ ಬೆಟ್ಟವನ್ನು ಮರಳಿ ಪಡೆಯಲಾರನು.

ಪರಿಹಾರವು ತ್ರೈರಾಶಿಕವನ್ನು ಬಲ್ಲ ಬಾಲಕನಿಗೂ ಸಾಧ್ಯವಾದುದು. ಆಟಗಳನ್ನು ನಿರ್ಮಿಸಲು ಬಳಸುವ ಅನ್‌ರಿಯಲ್ ಎಂಜಿನ್ನಿನಲ್ಲಿ ಎತ್ತರದ ಮಾನವು 100 ಎಂದಿರುವಾಗ ಕಪ್ಪಿನಿಂದ ಬಿಳುಪಿನವರೆಗಿನ ಸಮಸ್ತ ವ್ಯಾಪ್ತಿ 512 ಮೀಟರು. ಆ ಮಾನವನ್ನು ಹಾಗೆಯೇ ಬಿಟ್ಟರೆ 1230 ಮೀಟರಿನ ಏರು 512ಕ್ಕೆ ಕುಸಿಯುತ್ತದೆ. 40 ಮೀಟರಿನ ದಿಬ್ಬವೂ 512 ಮೀಟರಿನ ಗಿರಿಯಾಗುತ್ತದೆ. ನಿಜವಾದ ಅಂತರವನ್ನು 100ರಿಂದ ಗುಣಿಸಿ 512ರಿಂದ ಭಾಗಿಸಿದರೆ ಸರಿಯಾದ ಮಾನ ದೊರೆಯುತ್ತದೆ. ಮೊದಲನೆಯದಕ್ಕೆ ಸುಮಾರು 240.2, ಎರಡನೆಯದಕ್ಕೆ ಸುಮಾರು 7.8.

ಇಷ್ಟಕ್ಕೇ ತೃಪ್ತಿಪಡಲಾಗದು. ಅಡ್ಡಳತೆಯ ಮಾನವೂ 100 ಎಂದಿದ್ದರೆ ಎರಡು ಚುಕ್ಕಿಗಳ ನಡುವಣ ದೂರ ಒಂದೇ ಮೀಟರು. ಮೂಲದಲ್ಲಿ ಅದು ಮೂವತ್ತು ಮೀಟರು. ಎತ್ತರವನ್ನು ತಿದ್ದಿ ಅಡ್ಡಳತೆಯನ್ನು ಮರೆತರೆ ಬೆಟ್ಟವು ಸೂಜಿಯಂತೆ ನಿಲ್ಲುತ್ತದೆ. ಆದುದರಿಂದ ಅಡ್ಡಳತೆಯನ್ನು 3000ಕ್ಕೆ ಏರಿಸತಕ್ಕದ್ದು. ಮೂಲದ ಅಳತೆಯು ಅಕ್ಷಾಂಶ ರೇಖಾಂಶಗಳಲ್ಲಿರುವುದನ್ನೂ ಗಮನಿಸಬೇಕು. ಮುಳ್ಳಯ್ಯನಗಿರಿಯ ಅಕ್ಷಾಂಶದಲ್ಲಿ ಪೂರ್ವಪಶ್ಚಿಮದ ಅಂತರವು ಉತ್ತರದಕ್ಷಿಣದ ಅಂತರದ ಶೇಕಡ 97ರಷ್ಟಿದ್ದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಮೊದಲು ಮೀಟರುಗಳಿಗೆ ಪರಿವರ್ತಿಸಿಕೊಳ್ಳುವುದೇ ಲೇಸು.

ಕೆಲವು ಆಟಗಳಲ್ಲಿ ವ್ಯಾಪ್ತಿಯನ್ನು ಬದಲಿಸಲು ಬಾರದು. 2015ರಲ್ಲಿ ಪ್ರಕಟವಾದ ಸಿಟೀಸ್: ಸ್ಕೈಲೈನ್ಸ್ ಎಂಬ ನಗರನಿರ್ಮಾಣದ ಆಟದಲ್ಲಿ ನೆಲದ ಅಗಲ 17.28 ಕಿಲೋಮೀಟರು, ಎತ್ತರದ ಮಿತಿ 1024 ಮೀಟರು. 1230 ಮೀಟರು ಅದರಲ್ಲಿ ಅಡಗದು. ಎತ್ತರವನ್ನು ಮಾತ್ರ ಕುಗ್ಗಿಸಿದರೆ ಇಳಿಜಾರುಗಳೆಲ್ಲ ಮಂದವಾಗುತ್ತವೆ. ಅದೇ ಅನುಪಾತದಲ್ಲಿ ಅಗಲವನ್ನೂ ಕುಗ್ಗಿಸಿದರೆ, ಎಂದರೆ ಸುಮಾರು 20.76 ಕಿಲೋಮೀಟರು ನೆಲವನ್ನು ಆ ಚೌಕದೊಳಗೆ ತಂದರೆ, ಗಿರಿಯು ಕಿರಿದಾದರೂ ಅದರ ಆಕಾರ ಕೆಡುವುದಿಲ್ಲ. ಹೀಗೆ ಹಿಗ್ಗಿಸಿಕೊಂಡ ಸೀಮೆಯಲ್ಲಿ ಕನಿಷ್ಠ ಗರಿಷ್ಠಗಳು ಬದಲಾಗಿರಬಹುದಾದ್ದರಿಂದ ಅವನ್ನು ಮತ್ತೊಮ್ಮೆ ನೋಡಬೇಕು.

ಇನ್ನು ಮೂರು ದೋಷಗಳು ಅವಶ್ಯವಾಗಿ ತಿಳಿಯತಕ್ಕವು. ಮೊದಲನೆಯದು ಮೆಟ್ಟಿಲು ದೋಷ. ಎಂಟು ಬಿಟ್ಟಿನ ಚಿತ್ರದಲ್ಲಿ 256 ತರತಮಗಳು ಮಾತ್ರ ಇರುವುದರಿಂದ 1230 ಮೀಟರಿನ ಏರಿನಲ್ಲಿ ಒಂದೊಂದು ಹಂತವೂ ಸುಮಾರು 4.8 ಮೀಟರಾಗಿ, ಇಳಿಜಾರು ಪಾವಟಿಗೆಗಳಂತೆ ಕಾಣುತ್ತದೆ. ಹದಿನಾರು ಬಿಟ್ಟಿನಲ್ಲಿ 65,536 ತರತಮಗಳಿವೆ. ಆದರೆ ಎಂಟರಲ್ಲಿ ಉಳಿಸಿದುದನ್ನು ಆಮೇಲೆ ಹದಿನಾರಕ್ಕೆ ಏರಿಸಿದರೆ ಕಳೆದುಹೋದ ಅಂಕಿಗಳು ಮರಳಿ ಬಾರವು. ಎರಡನೆಯದು ಶೂನ್ಯಸ್ಥಾನದ ದೋಷ. ಅಳತೆ ದೊರೆಯದೆಡೆಯಲ್ಲಿ ಮೂಲದ ಕಡತವು -32768 ಎಂಬ ಸಂಕೇತವನ್ನಿಟ್ಟಿರುತ್ತದೆ. ಅದನ್ನೇ ಕನಿಷ್ಠ ಎತ್ತರವೆಂದು ಯಂತ್ರವು ಗ್ರಹಿಸಿದರೆ ಸಮಸ್ತ ನೆಲವೂ ಬಿಳುಪಿನ ತುದಿಯಲ್ಲಿ ಚಪ್ಪಟೆಯಾಗಿಬಿಡುತ್ತದೆ. ಮೂರನೆಯದು ಸಂಧಿದೋಷ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಬೇರೆ ಬೇರೆ ಕನಿಷ್ಠ ಗರಿಷ್ಠಗಳಿಂದ ರಚಿಸಿದರೆ ಅವು ಕೂಡುವ ಅಂಚಿನಲ್ಲಿ ಇಲ್ಲದ ಕಡಿಬಂಡೆಯೊಂದು ಹುಟ್ಟುತ್ತದೆ. ಎರಡಕ್ಕೂ ಒಂದೇ ವ್ಯಾಪ್ತಿಯನ್ನು ವಿಧಿಸುವುದೇ ಇದಕ್ಕೆ ಪರಿಹಾರ.

ರಚನೆಯು ಮುಗಿದ ಮೇಲೆ ಪರೀಕ್ಷೆಯು ಅಗತ್ಯ. ಎತ್ತರವು ಮೊದಲೇ ತಿಳಿದಿರುವ ಒಂದು ಶಿಖರವನ್ನೂ ಒಂದು ತಗ್ಗನ್ನೂ ಆರಿಸಿ, ಅವುಗಳ ನಡುವಣ ಏರನ್ನೂ ದೂರವನ್ನೂ ಆಟದೊಳಗೆ ಅಳೆದು ಮೂಲದೊಡನೆ ಹೋಲಿಸಬೇಕು. ಎರಡೂ ಒಂದೇ ಅನುಪಾತದಲ್ಲಿದ್ದರೆ ಕಾರ್ಯವು ಶುದ್ಧವಾಯಿತೆಂದು ತಿಳಿಯಬಹುದು.

ಎತ್ತರವನ್ನು ಬುದ್ಧಿಪೂರ್ವಕವಾಗಿ ಹಿಗ್ಗಿಸುವ ಸಂಪ್ರದಾಯವೂ ಉಂಟು. ಶಾಲೆಗಳಲ್ಲಿರುವ ಉಬ್ಬುನಕ್ಷೆಗಳಲ್ಲಿ ಬೆಟ್ಟಗಳು ಕಣ್ಣಿಗೆ ಕಾಣಲೆಂದು ಹೀಗೆ ಮಾಡುವುದುಂಟು. ಇದು ತಪ್ಪಲ್ಲ, ಎಷ್ಟು ಪಟ್ಟು ಹಿಗ್ಗಿಸಲಾಗಿದೆ ಎಂಬುದನ್ನು ಹೇಳದಿರುವುದು ತಪ್ಪು. ತನ್ನ ನಾಡಿನ ಬಯಲನ್ನು ಗಿರಿಯೆಂದೂ ಗಿರಿಯನ್ನು ದಿಣ್ಣೆಯೆಂದೂ ಕಂಡು ಬೆಳೆದ ಮಗುವು, ಮಳೆಯ ನೀರು ಯಾವ ಕಡೆಗೆ ಹರಿಯುವುದು, ಕೆರೆಯನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಊಹಿಸುವಾಗಲೂ ಎಡವೀತು. ಆಟವೇ ಆದರೂ ಅದು ಕಲಿಸುವ ಅಳತೆಯು ಮನಸ್ಸಿನಲ್ಲಿ ನಿಲ್ಲುತ್ತದೆ. ಕನಿಷ್ಠ, ಗರಿಷ್ಠ ಮತ್ತು ಚುಕ್ಕಿಗಳ ಅಂತರ ಎಂಬ ಮೂರು ಅಂಕಿಗಳನ್ನು ಚಿತ್ರದ ಜೊತೆಗೇ ಬರೆದಿಡುವ ಅಭ್ಯಾಸವನ್ನು ಗುರುಗಳು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಮಾಡಿಸಿದರೆ, ಆಟವೂ ಸೊಗಸಾದೀತು, ನೆಲದ ಸತ್ಯವೂ ಉಳಿದೀತು.