ಆರೋಗ್ಯ ಪ್ರಶ್ನೋತ್ತರ: ಹಾಲುಗಲ್ಲದ ಮಕ್ಕಳೊಂದಿಗೆ ಯುರೋಪಿಗೆ

ಈ ಪ್ರಶ್ನೆಗಳು ಬಂದ ಶಿರೂರು ಉಡುಪಿ ಕಡೆಯದಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ರಾಂಜಣಗಾಂವದ ಗಣಪತಿ ಗುಡಿ ದಾಟಿದ ಮೇಲೆ ಘೋಡ್ ನದಿಯ ದಡದಲ್ಲಿ ಸಿಗುವ ಊರು. ರಾಂಜಣಗಾಂವದ ಕಾರು, ಫ್ರಿಜ್ಜು ಕಾರ್ಖಾನೆಗಳಲ್ಲಿ ಕೆಲಸಕ್ಕೆಂದು ಬಂದು ಶಿರೂರಿನಲ್ಲೇ ನೆಲೆನಿಂತ ಕನ್ನಡ ಕುಟುಂಬವೊಂದು ಈ ಸಲದ ಪ್ರಶ್ನೆಗಳನ್ನು ಕಳಿಸಿದೆ. ಮಗಳಿಗೆ ಐದು ವರ್ಷ, ಮಗನಿಗೆ ಹತ್ತು ತಿಂಗಳು. ಜೂನ್‌ನಲ್ಲಿ ಹತ್ತು ದಿನದೊಳಗೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿ ನೋಡಿ ಬರುವ ಯೋಜನೆ.

ಪ್ರಶ್ನೆ: ಅಲ್ಲಿ ಎಲ್ಲ ಸ್ವಚ್ಛ ಅಂತಾರೆ. ಮಕ್ಕಳಿಗೆ ಹೊಸದಾಗಿ ಲಸಿಕೆ ಬೇಕೇ ಡಾಕ್ಟ್ರೇ?

ಉತ್ತರ: ಹೊಸ ಲಸಿಕೆಗಿಂತ ಹಳೆಯದು ಪೂರ್ತಿಯಾಗಿದೆಯೇ ಎಂದು ನೋಡುವುದು ಮುಖ್ಯ. ಶಿರೂರಿನ ಅಕ್ಕಪಕ್ಕದವರು ಗೋವರ ಎನ್ನುವ ದಡಾರ, ಯುರೋಪಿನಲ್ಲಿ ಮತ್ತೆ ತಲೆ ಎತ್ತಿದೆ. ಮಧ್ಯ ಏಷ್ಯಾದ ದೇಶಗಳೂ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಲಯದಲ್ಲಿ 2024ರಲ್ಲಿ 1,27,350 ದಡಾರ ಪ್ರಕರಣಗಳು ವರದಿಯಾದವು. 1997ರ ನಂತರ ಇದೇ ಅತಿ ಹೆಚ್ಚು. ಅವರಲ್ಲಿ ಶೇ 40ಕ್ಕೂ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಲಸಿಕೆ ಹಾಕಿಸದವರ ಸಂಖ್ಯೆ ಹೆಚ್ಚಿದ ಕಡೆ ಈ ರೋಗಕ್ಕೆ ಬಾಗಿಲು ತೆರೆದಂತೆಯೇ. ಅದಕ್ಕೆ ಸ್ವಚ್ಛ ರಸ್ತೆ, ಹೊಳೆಯುವ ರೈಲು ಅಡ್ಡಿಯಲ್ಲ.

ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರದ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಹತ್ತು ತಿಂಗಳ ಮಗನಿಗೆ ಮೊದಲ ಡೋಸ್ ಆಗಿರಲೇಬೇಕು, ಅದೂ ಹೊರಡುವುದಕ್ಕೆ ಎರಡು ವಾರ ಮುಂಚೆ. ರೋಗನಿರೋಧಕ ಶಕ್ತಿ ಬೆಳೆಯಲು ಅಷ್ಟು ಸಮಯ ಹಿಡಿಯುತ್ತದೆ. ಮಗಳಿಗೆ ಕನಿಷ್ಠ ಎರಡು ಡೋಸ್ ಆಗಿವೆಯೇ ಎಂದು ಲಸಿಕೆ ಕಾರ್ಡು ತೆಗೆದು ನೋಡಬೇಕು. ಟಿಕೆಟ್ ಕಾಯ್ದಿರಿಸಿದ ವಾರವೇ ಮಕ್ಕಳ ವೈದ್ಯರನ್ನು ಕಂಡರೆ ಬಾಕಿ ಉಳಿದದ್ದನ್ನು ಮುಗಿಸಲು ಕಾಲಾವಕಾಶ ಸಿಗುತ್ತದೆ.

ಪ್ರಶ್ನೆ: ಮಗಳಿಗೆ ಘಾಟಿನಲ್ಲೇ ವಾಂತಿ ಆಗುತ್ತೆ. ವಿಮಾನದಲ್ಲಿ ಹೇಗೋ?

ಉತ್ತರ: ಶಿರೂರಿನಿಂದ ಮುಂಬೈ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲೇ ಐದಾರು ಗಂಟೆ. ನಿಜವಾದ ಪರೀಕ್ಷೆ ಲೋಣಾವಳ–ಖಂಡಾಳ ಘಾಟಿನದು. ದೊಡ್ಡ ವಿಮಾನ ಅಷ್ಟು ಕುಲುಕುವುದಿಲ್ಲ. ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನಿಸಬಾರದು, ಖಾಲಿ ಹೊಟ್ಟೆಯೂ ಬೇಡ. ಮೊಬೈಲು ಕೈಗೆ ಕೊಡದೆ ಮುಂದಿನ ರಸ್ತೆ ನೋಡಲು ಬಿಡಬೇಕು. ಮಗುವನ್ನು ಮಲಗಿಸಲೆಂದು ನೆಗಡಿಯ ಸಿರಪ್ ಕುಡಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದು ಅಪಾಯ, ಖಂಡಿತ ಕೂಡದು.

ಕಿವಿನೋವು ಬರುವುದು ಹೆಚ್ಚಾಗಿ ವಿಮಾನ ಇಳಿಯುವಾಗ. ಆಗ ಮಗನಿಗೆ ಎದೆಹಾಲು ಕುಡಿಸಿದರೆ, ಮಗಳು ಸ್ವಲ್ಪ ಸ್ವಲ್ಪವೇ ನೀರು ಗುಟುಕರಿಸಿದರೆ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ. ಇಳಿಯುವ ಹೊತ್ತಿಗೆ ಇಬ್ಬರೂ ಎಚ್ಚರವಾಗಿರಬೇಕು.

ಪ್ರಶ್ನೆ: ಯುಂಗ್‌ಫ್ರಾವ್ ಹಿಮಶಿಖರಕ್ಕೆ ಎರಡೂ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಬೆಟ್ಟದೊಳಗಿನ ಸುರಂಗದಲ್ಲಿ ಸಾಗುವ ರೈಲು 1912ರಿಂದಲೂ ಪ್ರವಾಸಿಗರನ್ನು ಯುಂಗ್‌ಫ್ರಾವ್‌ಯೋಖ್‌ಗೆ ಒಯ್ಯುತ್ತಿದೆ. ಭಾರತೀಯರು ಎಷ್ಟು ಬರುತ್ತಾರೆಂದರೆ ಮೇಲೆ ‘ಬಾಲಿವುಡ್’ ಹೆಸರಿನ ಹೋಟೆಲೇ ಇದೆ. ಸುಲಭವಾಗಿ ತಲುಪಬಹುದು ಎಂಬುದರಿಂದಲೇ ಆ ಎತ್ತರ ಮರೆತುಹೋಗುತ್ತದೆ. ಆ ನಿಲ್ದಾಣ ಇರುವುದು 3,454 ಮೀಟರ್ ಮೇಲೆ. ಕೆಳಗಿನ ಇಂಟರ್‌ಲಾಕನ್ ಸುಮಾರು 570 ಮೀಟರ್, ಹೆಚ್ಚುಕಡಿಮೆ ಪುಣೆಯಷ್ಟೇ. ಎರಡು ಗಂಟೆಯೊಳಗೆ ದೇಹ ಇಷ್ಟೆತ್ತರ ಏರಿ, ಸಮುದ್ರಮಟ್ಟದ ಮೂರನೇ ಎರಡರಷ್ಟು ಆಮ್ಲಜನಕದಲ್ಲಿ ಉಸಿರಾಡಬೇಕು. ಅದಕ್ಕೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಐದು ವರ್ಷದ ಮಗಳು ತಲೆನೋವು ಎಂದಾದರೂ ಹೇಳುತ್ತಾಳೆ. ಹತ್ತು ತಿಂಗಳ ಕೂಸು ಹೇಳುವುದು ಹೇಗೆ? ಕಾರಣವಿಲ್ಲದ ರಚ್ಚೆ, ಹಾಲು ಬೇಡವೆನ್ನುವುದು, ವಾಂತಿ, ಕಳೆಗುಂದಿದ ಮುಖ ಇವೇ ಅದರ ಮಾತು. ಇವನ್ನು ಹಸಿವು, ಚಳಿ ಎಂದುಕೊಂಡು ಕೂರುವುದೇ ದೊಡ್ಡ ಅಪಾಯ. ಲಕ್ಷಣ ಕಂಡರೆ ಮುಂದಿನ ರೈಲಿಗೇ ಕೆಳಗಿಳಿಯಬೇಕು. ಅದೇ ಮೊದಲ ಚಿಕಿತ್ಸೆ. ನೆಗಡಿ ಕಟ್ಟಿದ ಮಗು, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗು ಅಲ್ಲಿಗೆ ಹೋಗದಿರುವುದೇ ಸರಿ.

ಆರೋಗ್ಯವಂತ ಮಗಳು ಅಪ್ಪನ ಜೊತೆ ಹೋಗಿ ಗಂಟೆಯೊಳಗೆ ಇಳಿದು ಬರಬಹುದು. ಕೂಸಿಗೆ ಈ ವರ್ಷ ಅದು ಬೇಡ. ಇಂಟರ್‌ಲಾಕನ್‌ನಿಂದ ಹತ್ತೇ ನಿಮಿಷದಲ್ಲಿ ಏರುವ ಹಾರ್ಡರ್ ಕುಲ್ಮ್ 1,322 ಮೀಟರ್, ಹಳೆಯ ಹಲ್ಲುಗಂಬಿ ರೈಲಿನ ಶೀನಿಗೆ ಪ್ಲಾಟೆ 1,967 ಮೀಟರ್. ಎರಡೂ ಕಡೆಯಿಂದ ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಕಾಣುತ್ತವೆ, ಅಮ್ಮನ ಮಡಿಲಲ್ಲಿ ಕೂಸು ನೆಮ್ಮದಿಯಾಗಿಯೂ ಇರುತ್ತದೆ.

ಪ್ರಶ್ನೆ: ಔಷಧಿ ಇಲ್ಲಿಂದ ಒಯ್ಯಬೇಕೇ, ಅಲ್ಲೇ ಸಿಗುತ್ತವೆಯೇ?

ಉತ್ತರ: ಜ್ವರಕ್ಕೆ ಪ್ಯಾರಾಸಿಟಮಾಲ್, ಭೇದಿಗೆ ಓಆರ್‌ಎಸ್ ಪೊಟ್ಟಣ, ಮಕ್ಕಳು ನಿತ್ಯ ತೆಗೆದುಕೊಳ್ಳುವ ಮದ್ದು ಇವಿಷ್ಟು ಕೈಚೀಲದಲ್ಲೇ ಇರಲಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿಯೂ ಜೊತೆಗಿರಲಿ. ಅಲ್ಲಿ ಹಸಿರು ಶಿಲುಬೆಯ ಫಲಕವಿದ್ದರೆ ಅದು ಔಷಧದಂಗಡಿ, ಆದರೆ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ. ಪ್ರಮಾಣ ಮಗುವಿನ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಲ್ಲ. ಆದರೆ ಸಿರಪ್ಪಿನ ಸಾಂದ್ರತೆ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಐದು ಮಿಲಿಲೀಟರ್‌ನಲ್ಲಿ 125 ಅಥವಾ 250 ಮಿಲಿಗ್ರಾಂ ಇದ್ದರೆ, ಫ್ರಾನ್ಸಿನಲ್ಲಿ ಬಳಕೆಯಲ್ಲಿರುವ ಸಿರಪ್ಪಿನಲ್ಲಿ 120, ಜರ್ಮನಿಯದರಲ್ಲಿ 200. ನಮ್ಮಲ್ಲಿ ಶಿಶುಗಳಿಗೆ ಕೊಡುವ ಡ್ರಾಪ್ಸ್ ಒಂದೇ ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ. ಚಮಚದ ಲೆಕ್ಕ ನೆಚ್ಚಿಕೊಂಡರೆ ಒಂದೋ ಜ್ವರ ಇಳಿಯದು, ಇಲ್ಲವೇ ಯಕೃತ್ತಿಗೆ ಪೆಟ್ಟು. ಇಬ್ಬರನ್ನೂ ತೂಗಿಸಿ, ಎಷ್ಟು ಮಿಲಿಗ್ರಾಂ ಎಂದು ವೈದ್ಯರಿಂದಲೇ ಬರೆಸಿಕೊಂಡು ಹೊರಡಬೇಕು.

ಪ್ರಶ್ನೆ: ಮನೆಯ ತುಪ್ಪ, ಪೇಡೆ, ಮಾವಿನಹಣ್ಣು?

ಉತ್ತರ: ಮೂರೂ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಪ್ರಮಾಣಪತ್ರವಿಲ್ಲದ ಮಾವಿಗೂ ಪ್ರವೇಶವಿಲ್ಲ. ಬಾಳೆಹಣ್ಣಿಗೆ ಅಡ್ಡಿಯಿಲ್ಲ. ಫ್ರಿಜ್ಜಿನಲ್ಲಿಡಬೇಕಿಲ್ಲದ ಕಂಪನಿ ಪ್ಯಾಕಿನ ಶಿಶು ಆಹಾರ, ಹಾಲಿನಪುಡಿ ಒಡೆಯದಿದ್ದರೆ ಎರಡು ಕಿಲೋವರೆಗೆ ಸರಿ. ಅಕ್ಕಿ, ಹೆಸರುಬೇಳೆ, ಪುಟ್ಟ ಕುಕ್ಕರ್ ಒಯ್ದು, ಅಡುಗೆಮನೆಯಿರುವ ವಸತಿ ಹಿಡಿದರೆ ಕೂಸಿನ ಹೊಟ್ಟೆ ಮಾಮೂಲಿನಂತೆ ನಡೆಯುತ್ತದೆ.

ಪ್ರಶ್ನೆ: ಆಸ್ಟ್ರಿಯಾದ ಕಾಡಲ್ಲಿ ಉಣ್ಣೆ ಕಚ್ಚುತ್ತೆ ಅಂತ ಗೆಳತಿ ಹೆದರಿಸಿದ್ದಾಳೆ. ನಿಜವೇ?

ಉತ್ತರ: ನಿಜ, ಮತ್ತು ಮಲೆನಾಡಿನವರಿಗೆ ಇದು ಅಪರಿಚಿತವೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ, ಮಧ್ಯ ಯುರೋಪಿನಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸೂ ಒಂದೇ ಕುಲದವು. ಊರು ಸುತ್ತಿ ಬರುವವರಿಗೆ ಈ ಮಿದುಳು ಜ್ವರದ ಲಸಿಕೆ ಸಾಮಾನ್ಯವಾಗಿ ಬೇಕಿಲ್ಲ. ಹುಲ್ಲು, ಪೊದೆಗಳಲ್ಲಿ ಆಡುವಾಗ ಮಗಳಿಗೆ ಉದ್ದ ಪ್ಯಾಂಟು ಹಾಕಿ, ಸಂಜೆ ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಬೇಕು. ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆದರಾಯಿತು. ಕಾಯಿಸದ ಆಡಿನ ಹಾಲಿನಿಂದಲೂ ಈ ಮಿದುಳು ಜ್ವರ ಬರಬಹುದು.

ಪ್ರಶ್ನೆ: ಹತ್ತು ದಿನ ನಾಲ್ಕು ದೇಶ, ಹೆಚ್ಚಾಯಿತೇ?

ಉತ್ತರ: ಹೆಚ್ಚಾಯಿತು. ಜೂನ್‌ನಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಮಕ್ಕಳು ನಸುಕಿಗೇ ಏಳುತ್ತಾರೆ. ಪ್ಯಾರಿಸ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು. ಸೆಕೆಯೂ ಇರಬಹುದು: 2019ರ ಜುಲೈನಲ್ಲಿ ಪ್ಯಾರಿಸ್ 42.6 ಡಿಗ್ರಿ ಕಂಡಿತ್ತು, ಎಷ್ಟೋ ವಸತಿಗೃಹಗಳಲ್ಲಿ ಎಸಿ ಇಲ್ಲ. ನಿದ್ದೆಗೆಟ್ಟ ಮಗುವನ್ನು ದಿನಕ್ಕೊಂದು ಊರಿಗೆ ಎಳೆದೊಯ್ದರೆ ಊಟ ತಪ್ಪುತ್ತದೆ, ನೆಗಡಿ ಜ್ವರ ಹಿಂದೆಯೇ ಬರುತ್ತವೆ. ಎರಡು ದೇಶ, ಎರಡೇ ಬಿಡಾರ, ಮಧ್ಯಾಹ್ನ ಮಲಗಲು ಬಿಡುವು: ಈ ವಯಸ್ಸಿಗೆ ಇಷ್ಟು ಸಾಕು. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಹೇಗೂ ಕಡ್ಡಾಯ. ಆ ಪಾಲಿಸಿಯ ಫೋನ್ ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಉಳಿಸಿಕೊಳ್ಳಬೇಕು. ತುರ್ತಿಗೆ ಇಲ್ಲಿಯಂತೆ ಅಲ್ಲೂ 112.

ಊರಿಗೆ ಮರಳಿ ಮೂರು ವಾರದೊಳಗೆ ಮಕ್ಕಳಿಗೆ ಜ್ವರ, ಕೆಮ್ಮು, ಕೆಂಗಣ್ಣಿನೊಡನೆ ಮೈಮೇಲೆ ಕೆಂಪು ದದ್ದು ಎದ್ದರೆ, ಆಸ್ಪತ್ರೆಗೆ ಹೋಗುವ ಮೊದಲೇ ಫೋನ್ ಮಾಡಿ ಯುರೋಪಿನಿಂದ ಬಂದದ್ದನ್ನು ತಿಳಿಸಬೇಕು. ಕಾಯುವ ಕೋಣೆಯಲ್ಲಿ ಇನ್ನೂ ಲಸಿಕೆಯ ವಯಸ್ಸಾಗದ ಕೂಸುಗಳು ಇರುತ್ತವೆ.