ಪಳವೇರ್ಕಾಡು: ಕಡಲತೀರದ ಹಳೆಯ ಬಂದರು, ಹಕ್ಕಿಗಳ ಸರೋವರ

ಚೆನ್ನೈನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ತಿರುವಳ್ಳೂರು ಜಿಲ್ಲೆಯ ಕಡಲಂಚಿನಲ್ಲಿ ಪಳವೇರ್ಕಾಡು ಎಂಬ ಮೀನುಗಾರರ ಊರಿದೆ. ಹೊರಜಗತ್ತಿಗೆ ಇದು ಪುಲಿಕಾಟ್ ಎಂದು ಪರಿಚಿತ. ಒಂದು ಕಾಲದಲ್ಲಿ ಚೋಳಮಂಡಲ ತೀರದ ಪ್ರಮುಖ ಬಂದರುಗಳಲ್ಲಿ ಒಂದಾಗಿದ್ದ ಈ ಊರಿನ ಬದುಕು ಇಂದಿಗೂ ಪಕ್ಕದ ಸರೋವರವನ್ನೇ ಅವಲಂಬಿಸಿದೆ.

ಇತಿಹಾಸ

ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹತ್ತಿಬಟ್ಟೆಗಳು ಆಗ್ನೇಯ ಏಷ್ಯಕ್ಕೆ ರವಾನೆಯಾಗುತ್ತಿದ್ದವು. ಅರವೀಡು ವಂಶದ ವೆಂಕಟಪತಿರಾಯನಿಂದ 1610ರಲ್ಲಿ ಅನುಮತಿ ಪಡೆದ ಡಚ್ಚರು ಇಲ್ಲಿ ವ್ಯಾಪಾರ ಕೋಠಿಯನ್ನು ತೆರೆದರು. ಪೋರ್ಚುಗೀಸರು ಅದನ್ನು ಧ್ವಂಸಗೊಳಿಸಿದ ಬಳಿಕ 1613ರಲ್ಲಿ ಗೆಲ್ಡ್ರಿಯಾ ಕೋಟೆ ನಿರ್ಮಾಣವಾಯಿತು. ಆಂಗ್ಲರು ಮದರಾಸಿನಲ್ಲಿ ನೆಲೆಯೂರಿದ್ದು ಇದಾದ ಕಾಲು ಶತಮಾನದ ನಂತರ. 1690ರವರೆಗೂ ಪುಲಿಕಾಟ್ ಈ ತೀರದಲ್ಲಿ ಡಚ್ಚರ ಮುಖ್ಯ ಠಾಣೆಯಾಗಿತ್ತು. ಬಟ್ಟೆಯ ಜೊತೆಗೆ ಸಿಡಿಮದ್ದು, ಗುಲಾಮರಾಗಿ ಮಾರಲ್ಪಟ್ಟ ಮನುಷ್ಯರೂ ಇಲ್ಲಿಂದ ಹಡಗೇರಿದರೆಂಬುದು ಈ ವೈಭವದ ಇನ್ನೊಂದು ಮುಖ. 1825ರಲ್ಲಿ ಊರು ಬ್ರಿಟಿಷರ ವಶವಾಯಿತು.

ಕೋಟೆಯ ಅವಶೇಷಗಳನ್ನು ಇಂದು ಗಿಡಗಂಟಿಗಳು ಆವರಿಸಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಡಚ್ ಸ್ಮಶಾನದ ದ್ವಾರದಲ್ಲಿ ಅಸ್ಥಿಪಂಜರಗಳ ಕೆತ್ತನೆಯನ್ನು ಕಾಣಬಹುದು.

ಸರೋವರ

ಚಿಲಿಕಾದ ನಂತರ ಭಾರತದ ಎರಡನೆಯ ಅತಿದೊಡ್ಡ ಚೌಳುನೀರಿನ ಸರೋವರ ಪುಲಿಕಾಟ್. ಇದರ ಬಹುಭಾಗ ಆಂಧ್ರಪ್ರದೇಶದಲ್ಲಿದೆ. ಶ್ರೀಹರಿಕೋಟಾ ದ್ವೀಪ ಇದನ್ನು ಬಂಗಾಳ ಕೊಲ್ಲಿಯಿಂದ ಬೇರ್ಪಡಿಸುತ್ತದೆ. ಈಶಾನ್ಯ ಮಾರುತದ ಮಳೆಗೆ ಆರಣಿ, ಕಾಳಂಗಿ ಮೊದಲಾದ ನದಿಗಳು ಸಿಹಿನೀರು ತಂದಾಗ ಉಪ್ಪಿನಂಶ ತಗ್ಗುತ್ತದೆ, ಬೇಸಗೆಯಲ್ಲಿ ಏರುತ್ತದೆ. ಕೆಸರು ತುಂಬಿದ ತೆಳುನೀರಿನಲ್ಲಿ ಆಹಾರ ಹೇರಳವಾಗಿರುವುದರಿಂದ ಚಳಿಗಾಲದಲ್ಲಿ ರಾಜಹಂಸಗಳು, ಬಾತುಗಳು, ಕಡಲುಹಕ್ಕಿಗಳು ಇಲ್ಲಿ ಹಿಂಡುಹಿಂಡಾಗಿ ಸೇರುತ್ತವೆ. ರಾಜಹಂಸವು ಬಾಗಿದ ಕೊಕ್ಕನ್ನು ತಲೆಕೆಳಗಾಗಿ ನೀರಲ್ಲಿಟ್ಟು, ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಅದರ ಗರಿಗಳ ಗುಲಾಬಿ ಬಣ್ಣವೂ ಈ ಆಹಾರದಿಂದಲೇ ಬರುತ್ತದೆ. ಎರಡೂ ರಾಜ್ಯಗಳಲ್ಲಿ ಸರೋವರದ ಭಾಗಗಳನ್ನು ಪಕ್ಷಿಧಾಮಗಳೆಂದು ಘೋಷಿಸಲಾಗಿದೆ.

ಅಳಿವೆಯ ಮಹತ್ವ

ಸಿಗಡಿಯ ಮರಿಗಳು ಸಮುದ್ರದಿಂದ ಅಳಿವೆಯ ಮೂಲಕ ಒಳಬಂದು ಸರೋವರದಲ್ಲಿ ಬೆಳೆಯುತ್ತವೆ. ಅಲೆಗಳು ತಂದು ಸುರಿಯುವ ಮರಳು ಅಳಿವೆಯನ್ನು ಮುಚ್ಚಿದರೆ ಮರಿಗಳ ಬರವು ನಿಲ್ಲುತ್ತದೆ, ದೋಣಿಗಳ ದಾರಿ ಕಟ್ಟುತ್ತದೆ. ಬೇಸಗೆಯಲ್ಲಿ ನೀರು ಬತ್ತಿ ಅತಿಯಾಗಿ ಉಪ್ಪಾಗುತ್ತದೆ. ಇದರ ಪೆಟ್ಟು ಬೆಸ್ತರಿಗೂ ಹಕ್ಕಿಗಳಿಗೂ ಒಂದೇ.

ಇಲ್ಲಿನ ಸಾಂಪ್ರದಾಯಿಕ ಮೀನುಗಾರರಲ್ಲಿ ‘ಪಾಡು’ ಎಂಬ ಕಟ್ಟುಪಾಡು ಇದೆ. ಅದರಂತೆ ಬಲೆ ಹಾಕುವ ಜಾಗಗಳನ್ನು ಸರದಿಯ ಮೇಲೆ ಹಂಚಿಕೊಳ್ಳಲಾಗುತ್ತದೆ. ಮಿತಿಯಲ್ಲಿ ಹಂಚಿಕೊಂಡು ಬಾಳುವ ಈ ವಿವೇಕ ಸಂರಕ್ಷಣೆಯ ಯೋಜನೆಗಳಿಗೂ ಆಧಾರವಾಗಬಲ್ಲದು. ಪ್ರವಾಸಿಗರ ಪಾಲಿನ ಹೊಣೆ ಚಿಕ್ಕದು, ಆದರೆ ಅವಶ್ಯವಾದುದು: ದೋಣಿಯನ್ನು ಹಕ್ಕಿಗಳ ಹಿಂಡಿನತ್ತ ಒಯ್ಯಿಸಬಾರದು, ನೀರಿಗೆ ಪ್ಲಾಸ್ಟಿಕ್ ಎಸೆಯಬಾರದು, ಹಳೆಯ ಶಿಲೆಗಳ ಮೇಲೆ ಹೆಸರು ಗೀಚಬಾರದು.